ಮೇಲಕ್ಕೆ ಹರಿದ ನೀರು

ನನ್ನ ತಮ್ಮ ಎರ್ಲಂಡ್ ನೀರೊಳಗೆ ಇರುವಷ್ಟು ಹೊತ್ತು ನನಗೆ ಒಂದು ತುತ್ತೂ ಇಳಿಯುವುದಿಲ್ಲ. ಇದು ಇಡೀ ಈಡೇ ದ್ವೀಪಕ್ಕೆ ಗೊತ್ತಿರುವ ಸಂಗತಿ. ದೋಣಿ ಕಟ್ಟುವ ದಕ್ಕೆಯ ಪಕ್ಕದ ಹಲಗೆ ಕೋಣೆಯಲ್ಲಿ ನಾನು ಪರದೆಯ ಮುಂದೆ ಕೂತಿದ್ದು, ಪಕ್ಕದ ತಟ್ಟೆಯಲ್ಲಿ ಬಾರ್ಲಿ ರೊಟ್ಟಿ ಮುಟ್ಟದೆ ಒಣಗುತ್ತಿದ್ದರೆ ಯಾರೂ ಒಳಗೆ ಬರುವುದಿಲ್ಲ. ಬಾಗಿಲಿಂದಲೇ ತಟ್ಟೆಯನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದಕ್ಕೆ ಹೋಗುತ್ತಾರೆ.

ನನ್ನ ಕೆಲಸವನ್ನು ಹೇಳುವುದು ಸುಲಭ. ನಮ್ಮ ದ್ವೀಪಕ್ಕೂ ಎದುರಿನ ದ್ವೀಪಕ್ಕೂ ನಡುವೆ ಕಡಲು ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಉಬ್ಬರದಲ್ಲಿ ಒಂದು ಕಡೆಗೆ, ಇಳಿತದಲ್ಲಿ ಇನ್ನೊಂದು ಕಡೆಗೆ, ಮಳೆಗಾಲದ ಹೊಳೆಯ ಹಾಗೆ. ಆ ಸೆಳವಿನ ತಳದಲ್ಲಿ ವಿದ್ಯುತ್ತಿಗಾಗಿ ಟರ್ಬೈನುಗಳನ್ನು ನಿಲ್ಲಿಸಿದ್ದಾರೆ. ಅವುಗಳಿಗೆ ರಿಪೇರಿ ಬಂದಾಗ ಸೆಳವಿನಲ್ಲಿ ಇಳಿಯಲಾಗುವುದಿಲ್ಲ. ಇಳಿದವನು ಎಲೆಯಂತೆ ಕೊಚ್ಚಿಕೊಂಡು ಹೋಗುತ್ತಾನೆ. ಆದರೆ ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ಸ್ವಲ್ಪ ಹೊತ್ತು ನೀರು ನಿಲ್ಲುತ್ತದೆ. ಅದು ಯಾವಾಗ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಎದ್ದು ಓಡಲು ಶುರು ಮಾಡುತ್ತದೆ ಎಂಬುದನ್ನು ಮುಂಚೆಯೇ ಹೇಳುವವಳು ನಾನು, ಥೋರಾ. ಹೇಳಿದ ಹೊತ್ತಿಗೆ ಡೈವರ್ ಇಳಿಯುತ್ತಾನೆ. ಹೇಳಿದ ಹೊತ್ತಿನೊಳಗೆ ಮೇಲೆ ಬರುತ್ತಾನೆ. ಡೈವರ್ ನನ್ನ ತಮ್ಮ.

ಕಿರ್ಕ್‌ವಾಲ್ ಪಟ್ಟಣದ ಬೇಕರಿಯಲ್ಲಿ ಹಗಲು ಬ್ರೆಡ್ ಮಾರಿ, ಸಂಜೆ ತರಗತಿಗೆ ಹೋಗಿ ಕಲಿತ ಗಣಿತ ನನ್ನದು. ಅದಕ್ಕೇ ಇರಬೇಕು, ಬಂದ ಉತ್ತರವನ್ನು ಮೂರು ಸಲ ಮಾಡಿ ನೋಡುತ್ತೇನೆ. ಮೂರು ಸಲವೂ ಒಂದೇ ಬಂದರೆ, ಮೂರು ಸಲವೂ ಒಂದೇ ತಪ್ಪು ಮಾಡಿದೆನೇನೋ ಅನ್ನಿಸುತ್ತದೆ. ಚಂದ್ರ, ಸೂರ್ಯ, ಗಾಳಿ, ಹಿಂದಿನ ವರ್ಷಗಳಲ್ಲಿ ಅಳೆದಿಟ್ಟ ಸೆಳವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲೆಕ್ಕ ನಿಜವಾಗುತ್ತಿದೆಯೇ ಎಂದು ನೋಡಲು ಟರ್ಬೈನಿನ ಹತ್ತಿರ ತಳದಲ್ಲಿ ಒಂದು ಮಾಪಕ ಇಟ್ಟಿದ್ದೇವೆ. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಅದರ ನೆತ್ತಿಯಲ್ಲಿ ನಾಲ್ಕು ಕಣ್ಣು. ನೋಡುವ ಕಣ್ಣಲ್ಲ. ಅವು ನಾಲ್ಕು ಕಡೆಗೆ ಓರೆಯಾಗಿ ಮೇಲಕ್ಕೆ ಸದ್ದು ಬಿಡುತ್ತವೆ. ನೀರಿನಲ್ಲಿ ತೇಲುವ ಸಣ್ಣ ಕಣಗಳಿಗೆ ತಗುಲಿ ಮರಳುವ ಸದ್ದನ್ನು ಕೇಳಿ, ನೀರು ಎತ್ತ ಕಡೆ, ಎಷ್ಟು ಜೋರಾಗಿ ಓಡುತ್ತಿದೆ ಎಂದು ತಿಳಿಸುತ್ತವೆ. ಅದು ತಂತಿಯಲ್ಲಿ ನನ್ನ ಪರದೆಗೆ ಬರುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಕೋಣೆಯಿಂದ ರೇಡಿಯೋದಲ್ಲಿ "ಮೇಲೆ" ಎಂಬ ಮಾತು ಹೋದರೆ ಬೋಟಿನಿಂದ ಬರಬೇಕಾದ ಉತ್ತರ "ಮೇಲೆ" ಎನ್ನುವುದೊಂದೇ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕೇಳುವುದೆಲ್ಲ ದಕ್ಕೆಗೆ ಬಂದು, ಕೈಗೆ ಸೂಪಿನ ಬಟ್ಟಲು ಸಿಕ್ಕ ಮೇಲೆ. ಆಗ ಬೈಯಲೂಬಹುದು. ಬೈಯುತ್ತಾರೆ ಕೂಡ.

ಕಳೆದ ತಿಂಗಳು ನಾನು ಹಾಗೆ ಒಮ್ಮೆ ಕರೆದಿದ್ದೆ. ಮಾಪಕ ಏನೇನೋ ತೋರಿಸಿತು, ನಾನು ಹೆದರಿ ಎರ್ಲಂಡನನ್ನು ಮೇಲಕ್ಕೆ ಕರೆಸಿದೆ. ಆಮೇಲೆ ನೋಡಿದರೆ ಸೀಲ್ ಎಂಬ ಕಡಲಪ್ರಾಣಿ, ದಪ್ಪನೆಯದೊಂದು, ಮಾಪಕದ ಮೇಲೆ ಮೈ ಉಜ್ಜಿಕೊಳ್ಳುತ್ತಿತ್ತು. ಒಂದು ದಿನದ ಕೆಲಸ ಹಾಳು. ಅವತ್ತಿನಿಂದ ನನಗೆ ಸೀಲ್ ಹೆಸರಿನ ಗೇಲಿ ತಪ್ಪಿಲ್ಲ.

ಆ ಬೆಳಿಗ್ಗೆಯೂ ಅದರಿಂದಲೇ ಶುರುವಾಯಿತು. ಮೇ ತಿಂಗಳು, ಅರ್ಧಚಂದ್ರನ ವಾರ. ಅಂಥ ವಾರಗಳಲ್ಲಿ ಸೆಳವು ತೀರ ಕಡಿಮೆ, ನೀರು ನಿಲ್ಲುವ ಹೊತ್ತೂ ಉದ್ದ. ಬೋಟಿನ ಯಜಮಾನ ಎಡ್ವಿನ್ ಡ್ರೀವರ್ ದಕ್ಕೆಯಲ್ಲಿ ಹಗ್ಗ ಬಿಚ್ಚುತ್ತಿದ್ದರು. ಅರವತ್ತು ದಾಟಿದವರು, ಒಂದು ಮಾತಿಗೆ ಎರಡು ಸಲ ಮೂಗು ಒರೆಸಿಕೊಳ್ಳುವವರು.

"ಏನಮ್ಮ ಥೋರಾ, ಸೀಲ್‌ಗಳೆಲ್ಲ ಸೌಖ್ಯವಾ?"

"ಇವತ್ತು ರಜ ಹಾಕಿದಾವೆ, ಎಡ್ವಿನಣ್ಣ."

"ಚೀಟಿ ಬರ್ಕೊಟ್ಟಿದಾವಾ? ಸುಮ್ನೆ ಬಾಯಲ್ಲಿ ಹೇಳಿದ್ರೆ ನಾನು ನಂಬಲ್ಲ."

ಬೋಟಿನ ಮೇಲಿನಿಂದ ಎರ್ಲಂಡ್ ಸೀಲ್‌ನ ಹಾಗೆ ಕೂಗಿದ. ಮೂವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ. ಆಮೇಲೆ ಬೋಟಿನ ಅಂಚಿನ ಕಟಕಟೆಯ ಮೇಲೆ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕ, ತಿಂದ್ಯಾ?"

"ನೀನು ಬಾ, ಆಮೇಲೆ ತಿಂತೀನಿ."

"ಅಂದ್ರೆ ನಾನು ಬರ್ದೇ ಹೋದ್ರೆ ಉಪವಾಸ ಸಾಯ್ತೀಯಾ?"

"ಬಾಯ್ಮುಚ್ಚೋ ಮಾರಾಯ. ಹೋಗೋ ಹೊತ್ತಲ್ಲಿ ಎಂತ ಮಾತು ಅದು."

ಕೆಲಸ ದೊಡ್ಡದೇನಲ್ಲ. ಟರ್ಬೈನಿನ ಬುಡದಲ್ಲಿ ವಿದ್ಯುತ್ ತಂತಿಯನ್ನು ಹಿಡಿದಿಡುವ ಒಂದು ಕ್ಲ್ಯಾಂಪು ಸಡಿಲವಾಗಿತ್ತು. ಸಾಮಾನ್ಯವಾಗಿ ಇಂಥದ್ದಕ್ಕೆ ಬೋಟಿನಿಂದಲೇ ನಡೆಸುವ ಯಂತ್ರವನ್ನು ಇಳಿಸುತ್ತೇವೆ, ಆದರೆ ಬೋಲ್ಟುಗಳಿದ್ದ ಆ ಮೂಲೆಗೆ ಯಂತ್ರದ ಕೈ ಹೋಗಲಿಲ್ಲ. ಮನುಷ್ಯನೇ ಮಂಡಿಯೂರಿ ಕೂತು ನಾಲ್ಕು ಬೋಲ್ಟು ಬಿಗಿಯಬೇಕು.

ಬೋಟು ಹೊರಟಿತು. ನಾನು ಕೋಣೆಗೆ ಬಂದು ಲೆಕ್ಕವನ್ನು ಮತ್ತೆ ನೋಡಿದೆ. ಪರದೆಯಲ್ಲಿ ಮಾಪಕದ ಗೆರೆ ನನ್ನ ಲೆಕ್ಕದ ಗೆರೆಯ ಮೇಲೇ ಕೂತು ನಿಧಾನಕ್ಕೆ ಇಳಿಯುತ್ತಿತ್ತು. ಕಿಟಕಿಯಾಚೆ ಕಡಲಿನ ಸುಕ್ಕುಗಳು ಒಂದೊಂದಾಗಿ ಮಾಯವಾಗಿ ನೀರು ನುಣ್ಣಗಾಯಿತು. ಬಾತುಗಳು ಬಂದು ಅದರ ಮೇಲೆ ಕೂತವು. ನಾನು ರೇಡಿಯೋ ಒತ್ತಿ, "ನೀರು ನಿಂತಿದೆ, ಇಳೀಬಹುದು" ಎಂದೆ. ಈ ಮಾತು ಹೇಳುವಾಗ ನನ್ನ ದನಿ ಯಾವಾಗಲೂ ಬೇರೆ ಯಾರದೋ ಅನ್ನಿಸುತ್ತದೆ.

ಎರ್ಲಂಡನ ಹೆಲ್ಮೆಟ್ಟಿನಿಂದ ಬರುವ ಮಾತು ಬೋಟಿಗೂ ಕೇಳುತ್ತದೆ, ನನಗೂ ಕೇಳುತ್ತದೆ. ಗಾಳಿಯ ಪೈಪು ಬೋಟಿನಿಂದ ಅವನವರೆಗೆ ಇಳಿದಿರುತ್ತದೆ. ಉಸಿರಾಟದ ಸದ್ದಿನ ನಡುವೆ ಮಾತು.

"ನೀರು ಬಾವಿ ಥರ ಇದೆ," ಎಂದ. "ಒಂದು ಏಡಿ ನನ್ನನ್ನೇ ನೋಡ್ತಾ ಕೂತಿದೆ. ಎಡ್ವಿನಣ್ಣ, ನಿಮ್ಮ ಸಂಬಂಧಿಕ ಇರ್ಬೇಕು."

"ನಮಸ್ಕಾರ ಹೇಳಿ ಕೆಲ್ಸ ನೋಡು," ಎಂದರು ಎಡ್ವಿನ್.

ಒಂದು ಬೋಲ್ಟು ಆಯಿತು. ಎರಡನೆಯದು ಆಯಿತು. ಮೂರನೆಯದಕ್ಕೆ ಸ್ಪ್ಯಾನರ್ ಹಾಕಿದ್ದೇನೆ ಎಂದು ಅವನು ಹೇಳುತ್ತಿದ್ದ ಹೊತ್ತಿಗೆ ಪರದೆಯಲ್ಲಿ ನೀರು ಮೇಲಕ್ಕೆ ಹರಿಯತೊಡಗಿತು.

ಮೊದಲು ಕಣ್ಣು ಉಜ್ಜಿಕೊಂಡೆ. ಅಡ್ಡಕ್ಕೆ ಅಲ್ಲ, ನೆಟ್ಟಗೆ ಮೇಲಕ್ಕೆ. ತಳದಿಂದ ಮೇಲ್ಮೈಗೆ ಯಾರೋ ನೀರನ್ನು ಪಂಪು ಮಾಡಿದ ಹಾಗೆ. ಸೀಲ್ ಇರಬಹುದು ಎಂದುಕೊಂಡೆ, ಕಿವಿ ಬಿಸಿಯಾಯಿತು. ಆದರೆ ಸೀಲ್ ಬಂದರೆ ಗೆರೆ ನೆಗೆಯುತ್ತದೆ, ಬೀಳುತ್ತದೆ, ಕುಣಿಯುತ್ತದೆ. ಇದು ಹಾಗೆ ಕುಣಿಯುತ್ತಿರಲಿಲ್ಲ. ಏರಿದ್ದು ಏರಿದಲ್ಲೇ ನಿಂತಿತ್ತು. ಕಿಟಕಿಯಾಚೆ ಬಾತುಗಳು ಕೂತಲ್ಲೇ ಕೂತಿದ್ದವು. ನನ್ನ ಲೆಕ್ಕ ನೀರು ನಿಂತಿದೆ ಎನ್ನುತ್ತಿತ್ತು, ಕಣ್ಣಿಗೂ ನಿಂತದ್ದೇ ಕಾಣುತ್ತಿತ್ತು, ಒಳಗಿರುವ ತಮ್ಮನೂ ಬಾವಿ ಥರ ಇದೆ ಎಂದಿದ್ದ. ಮಾಪಕ ಒಂದೇ ಬೇರೆ ಹೇಳುತ್ತಿತ್ತು. ಅದೂ ಯಾವ ಲೆಕ್ಕದಲ್ಲೂ ಆಗದ ಮಾತು. ಆ ತಳದ ನೀರು ಹಾಗೆ ನೆಟ್ಟಗೆ ಮೇಲೇಳುವುದೇ ಇಲ್ಲ.

ಮಾಪಕ ಕೆಟ್ಟಿರಬಹುದು. ಕೆಟ್ಟಿದ್ದರೆ ಅವನನ್ನು ಮೇಲೆ ಕರೆಯುವುದು ಮತ್ತೆ ಅದೇ ಸೀಲ್ ಕಥೆ. ಕೆಟ್ಟಿಲ್ಲದಿದ್ದರೆ ಏನು? ಅದು ನನಗೆ ತಿಳಿಯಲಿಲ್ಲ. ತಿಳಿದವರು ಯಾರಾದರೂ ಈ ಕುರ್ಚಿಯಲ್ಲಿ ಇದ್ದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದರೇನೋ ಎಂದುಕೊಂಡೆ. ಕೈ ರೇಡಿಯೋದ ಗುಂಡಿಯ ಮೇಲಿತ್ತು, ಒತ್ತಲಾಗುತ್ತಿರಲಿಲ್ಲ. ಆಗ ಇಷ್ಟು ಮಾತ್ರ ಹೊಳೆಯಿತು: ನನಗೆ ಗೊತ್ತಿಲ್ಲದ್ದು ಏನೋ ಅಲ್ಲಿದೆ. ಎರ್ಲಂಡ್ ಕೂಡ ಅಲ್ಲೇ ಇದ್ದಾನೆ. ಅವೆರಡೂ ಒಂದೇ ಕಡೆ ಇರಬಾರದು.

"ಮೇಲೆ," ಎಂದೆ.

ರೇಡಿಯೋದಲ್ಲಿ ಏನೋ ಉಜ್ಜಿದ ಸದ್ದು. ಎಡ್ವಿನ್ ಮೂಗು ಒರೆಸಿಕೊಂಡಿರಬೇಕು.

"ಮೇಲೆ," ಎಂದರು.

"ಏ, ಇನ್ನು ಒಂದೂವರೆ ಬೋಲ್ಟು ಇದೆ ಮಾರಾಯ್ರೇ! ನೀರು ಅಲ್ಲಾಡ್ತಾನೇ ಇಲ್ಲ. ಸ್ವಲ್ಪ ತಡೀರಿ..."

"ಮೇಲೆ ಅಂದ್ರೆ ಮೇಲೆ ಕಣೋ. ಬೈಯೋದಿದ್ರೆ ಸೂಪಿನ ಹೊತ್ತಿಗೆ ಇಟ್ಕೋ. ಸ್ಪ್ಯಾನರ್ ಅಲ್ಲೇ ಕಟ್ಟಿ ಬಾ," ಎಂದರು ಎಡ್ವಿನ್.

ಎರ್ಲಂಡ್ ಏನೋ ಅಂದ. ಮುದ್ರಿಸುವಂಥದ್ದಲ್ಲ. ಆದರೆ ಹೊರಟ. ಅವನ ಉಸಿರು ಮೇಲೇರುವುದನ್ನು ಕೇಳುತ್ತ ಕೂತೆ. ಹೆಲ್ಮೆಟ್ ಬೋಟಿನ ಏಣಿಗೆ ತಗುಲಿದ ಸದ್ದು ಕೇಳಿದ ಮೇಲೆ ನನ್ನ ಬೆನ್ನು ಕುರ್ಚಿಗೆ ಆನಿತು.

ಆ ನೆಮ್ಮದಿ ಹೆಚ್ಚು ಹೊತ್ತು ಉಳಿಯಲಿಲ್ಲ. ಅವನು ಬೋಟಿನ ಮೇಲೆ ಕೂತು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮಾಪಕ ಸರಿಹೋಯಿತು. ಮೇಲೇಳುತ್ತಿದ್ದ ನೀರು ಇದ್ದಕ್ಕಿದ್ದಂತೆ ಇಲ್ಲ. ಗೆರೆ ಮತ್ತೆ ನನ್ನ ಲೆಕ್ಕದ ಮೇಲೆ ಬಂದು ಕೂತಿತು, ಏನೂ ಆಗಿಯೇ ಇಲ್ಲ ಎಂಬಂತೆ. ಇಳಿತ ಶುರುವಾಗಿತ್ತು, ಆದರೆ ಇನ್ನೂ ಮಗುವಿನ ಹೆಜ್ಜೆಯಷ್ಟು ಮೆಲ್ಲಗೆ. ಹೇಳಿದ ಹೊತ್ತು ಮುಗಿಯಲು ಇನ್ನೂ ಸಮಯವಿತ್ತು.

ಮಾಪಕ ಸರಿಹೋಯಿತು ಎಂದಷ್ಟೇ ನಾನು ಎಡ್ವಿನ್‌ಗೆ ತಿಳಿಸಿದೆ. "ಥೋರಾ, ಸರಿಯಾಗಿದೆಯಲ್ಲ. ಮತ್ತೆ ಇಳಿಸ್ಲಾ? ಒಂದೂವರೆ ಬೋಲ್ಟು ಅಷ್ಟೇ."

ಹೂಂ ಅನ್ನುವುದು ಎಷ್ಟು ಸುಲಭವಿತ್ತು! ಕೆಲಸ ಮುಗಿಯುತ್ತಿತ್ತು, ಸೀಲ್ ಕಥೆ ಎರಡನೇ ಸಲ ಹುಟ್ಟುತ್ತಿರಲಿಲ್ಲ.

"ಬೇಡ," ಎಂದೆ. "ಯಾಕೆ ಕೆಟ್ಟಿತು ಅಂತ ಗೊತ್ತಿಲ್ಲ. ಯಾಕೆ ಸರಿಹೋಯ್ತು ಅಂತಾನೂ ಗೊತ್ತಿಲ್ಲ. ಬನ್ನಿ."

"ಬಂದ್ವಿ," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೇ ಚೆನ್ನಾಗಿತ್ತು.

ಕೋಣೆಯಲ್ಲಿ ಸೂಪು ಕುದಿಯುತ್ತಿತ್ತು, ಕುರಿಮಾಂಸದ್ದು. ಮೊದಲು ಎಡ್ವಿನ್ ಬಂದರು, ಬಟ್ಟಲು ಹಿಡಿದು ಒಲೆಯ ಪಕ್ಕ ನಿಂತರು. ಎರ್ಲಂಡ್ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿದ್ದೇ ನನಗೆ ಅರ್ಧ ಜೀವ ಬಂದಂತಾಯಿತು. ಅವನು ಬೈದರೂ ಬೈಯಲಿ, ಇಲ್ಲಿ ಕೂತು ಬೈಯಲಿ.

"ಸರಿ, ಈಗ ಹೇಳು," ಎಂದರು ಎಡ್ವಿನ್. "ಎಂತಾಯ್ತು?"

"ನೀರು ಮೇಲಕ್ಕೆ ಹೋಗ್ತಾ ಇತ್ತು."

"ಮೇಲಕ್ಕೆ ಅಂದ್ರೆ? ಆಕಾಶಕ್ಕಾ?"

"ತಳದಿಂದ ಮೇಲಕ್ಕೆ. ಮಾಪಕ ಹಾಗೆ ಹೇಳ್ತು."

"ನಾನು ಅಲ್ಲೇ ಇದ್ನಲ್ಲ ಅಕ್ಕ," ಎಂದ ಎರ್ಲಂಡ್. ಅವನು ನಗುತ್ತಿರಲಿಲ್ಲ. "ಒಂದು ಹನಿ ಅಲುಗ್ಲಿಲ್ಲ. ನನ್ನ ಮೂಗಿನ ಮುಂದೆ ಕಸ ಇತ್ತು, ಅದು ಕೂಡ ನಿಂತಲ್ಲೇ ನಿಂತಿತ್ತು."

"ಗೊತ್ತು."

"ಗೊತ್ತಿದ್ರೆ ಮತ್ತೆ?"

"ಗೊತ್ತಿರ್ಲಿಲ್ಲ, ಅದಕ್ಕೇ ಕರ್ದೆ."

ಎಡ್ವಿನ್ ಬಟ್ಟಲಿನೊಳಗೆ ನೋಡುತ್ತ ಮೂಗು ಒರೆಸಿಕೊಂಡರು. "ನೋಡು ಥೋರಾ. ಮೇಲೆ ಅಂದ್ರೆ ನಾನು ಯಾವತ್ತೂ ಮೇಲೇ ಅಂತೀನಿ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹೀಗೇ ಆಗ್ತಾ ಹೋದ್ರೆ, ಒಂದಿನ ಕೆಳಗಿರೋನು 'ಅವಳಿಗೆ ಅಭ್ಯಾಸ' ಅಂತ ಒಂದು ಗಳಿಗೆ ತಡ ಮಾಡ್ತಾನೆ. ಅದು ನನಗೆ ಭಯ."

ಅದೇ ಭಯ ನನಗೂ ಇತ್ತು. ಅವರು ಬಾಯಿಬಿಟ್ಟು ಹೇಳಿದರು ಅಷ್ಟೇ.  ಕೈಗೆ ಏನಾದರೂ ಕೆಲಸ ಬೇಕಿತ್ತು. ಟರ್ಬೈನಿನ ಬುಡಕ್ಕೆ ಮುಖ ಮಾಡಿ ಒಂದು ಕ್ಯಾಮೆರಾ ಉಂಟು, ಮೀನು ಮತ್ತು ಸೀಲ್‌ಗಳಿಗೆ ತೊಂದರೆಯಾಗುತ್ತಿದೆಯೇ ಎಂದು ನೋಡುವುದಕ್ಕಾಗಿ ಇಟ್ಟದ್ದು. ಕೆಲಸದ ಹೊತ್ತಿನಲ್ಲಿ ನಾನು ಅದನ್ನು ನೋಡುವುದಿಲ್ಲ. ತಮ್ಮನನ್ನು ಆ ಹಸಿರು ಮಬ್ಬಿನಲ್ಲಿ ನೋಡಿದರೆ ನನಗೆ ಗೆರೆಗಳನ್ನು ನೋಡಲಾಗುವುದಿಲ್ಲ. ಈಗ ಅದರ ಚಿತ್ರವನ್ನು ಹಿಂದಕ್ಕೆ ಓಡಿಸಿದೆ.

"ಸೀಲ್ ಹುಡುಕ್ತಾ ಇದ್ದಾಳೆ," ಎಂದ ಎರ್ಲಂಡ್, ಈ ಸಲ ಸ್ವಲ್ಪ ನಕ್ಕು. ಅವನಿಗೆ ನನ್ನ ಮೇಲೆ ಕೋಪ ಬಹಳ ಹೊತ್ತು ನಿಲ್ಲುವುದಿಲ್ಲ.

ಪರದೆಯಲ್ಲಿ ಅವನು ಮಂಡಿಯೂರಿ ಕೂತಿದ್ದ. ಗಾಳಿಯ ಪೈಪು ಅವನ ಬೆನ್ನ ಹಿಂದಿನಿಂದ ಮೇಲಕ್ಕೆ ಹೋಗಿತ್ತು. ಸ್ಪ್ಯಾನರ್ ತಿರುಗಿಸುವುದನ್ನು ನಿಲ್ಲಿಸಿ ತಲೆ ಎತ್ತಿದ. ಅದು ನಾನು ಕರೆದ ಗಳಿಗೆ. ಕೈ ಬೀಸಿ ಏನೋ ಅಂದ. ಸ್ಪ್ಯಾನರ್ ಅನ್ನು ಕ್ಲ್ಯಾಂಪಿಗೆ ಕಟ್ಟಿದ. ಮೆಲ್ಲಗೆ ಮೇಲೆದ್ದ. ಅವನ ಎರಡು ಬೂಟುಗಳು ಚಿತ್ರದ ಮೇಲಂಚಿನಲ್ಲಿ ಮರೆಯಾದವು. ಆಮೇಲೆ ಬರೀ ಕ್ಲ್ಯಾಂಪು, ತೂಗಾಡುವ ಸ್ಪ್ಯಾನರ್, ಒಂದು ಏಡಿ.

"ಇದೇ ನಿಮ್ಮ ಸಂಬಂಧಿಕ," ಎಂದ ಎರ್ಲಂಡ್ ಎಡ್ವಿನ್‌ಗೆ ತೋರಿಸಿ.

ಎಡ್ವಿನ್ ನೋಡಲು ಬಗ್ಗಿದರು. ಆಗ ಎಡಗಡೆಯಿಂದ ಹಗ್ಗ ಬಂತು.

ನೀಲಿ ಹಗ್ಗ. ತೇಲುವ ಜಾತಿಯದು, ಸಡಿಲವಾಗಿ, ಸುರುಳಿ ಸುರುಳಿಯಾಗಿ, ಆಳೆತ್ತರದಲ್ಲಿ. ಅವಸರವೇ ಇರಲಿಲ್ಲ ಅದಕ್ಕೆ. ಆಗಷ್ಟೇ ಕಣ್ಣು ಬಿಟ್ಟಿದ್ದ ಇಳಿತ ಅದನ್ನು ಮೆಲ್ಲಗೆ ತಳ್ಳಿಕೊಂಡು ಬರುತ್ತಿತ್ತು. ಎರ್ಲಂಡನ ಭುಜ ಇದ್ದ ಜಾಗದ ಮೂಲಕ ಹಾದು ಒಂದು ಸುರುಳಿ ಕ್ಲ್ಯಾಂಪಿಗೆ ಬಿತ್ತು. ಇನ್ನೊಂದು ಸುರುಳಿ ಅದರ ಮೇಲೆ ಬಿತ್ತು. ಹಿಂದಿನಿಂದ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯನ್ನು ಹಿಡಿಯುವ ಬೋನುಗಳು ಒಂದರ ಹಿಂದೆ ಒಂದು ತಳದಲ್ಲಿ ಉರುಳುತ್ತ ಬಂದವು. ಅವುಗಳ ಭಾರಕ್ಕೆ ಹಗ್ಗ ಬಿಗಿಯಿತು. ಸ್ಪ್ಯಾನರ್ ಹಗ್ಗದಡಿ ಸಿಕ್ಕಿ ಕ್ಲ್ಯಾಂಪಿಗೆ ಒತ್ತಿಕೊಂಡಿತು. ಆಮೇಲೆ ಅದು ಅಲ್ಲಾಡಲೇ ಇಲ್ಲ.



ಎರ್ಲಂಡ್ ಬಟ್ಟಲನ್ನು ನೆಲದ ಮೇಲೆ ಇಟ್ಟ. "ಅಕ್ಕ, ಸ್ವಲ್ಪ ಹಿಂದಕ್ಕೆ ಹಾಕು," ಎಂದ. ಹಾಕಿದೆ. ಬೂಟುಗಳು ಮರೆಯಾದವು, ಹಗ್ಗ ಬಂತು. ನಡುವೆ ಹೆಚ್ಚು ಹೊತ್ತಿರಲಿಲ್ಲ.

"ಬೆನ್ನ ಹಿಂದೆ," ಎಂದ. "ನಾನು ಆ ಕಡೆ ತಿರುಗಿ ಕೂತಿದ್ದೆ. ನನಗೆ ಕಾಣ್ತಾನೇ ಇರ್ಲಿಲ್ಲ. ಪೈಪಿನ ಸುತ್ತ ಬೀಳ್ತಿತ್ತು ಅದು."  ಒದ್ದೆ ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡ, ಚಿಕ್ಕವನಿದ್ದಾಗ ದೋಣಿ ಓಲಾಡಿದರೆ ಹಿಡಿದುಕೊಳ್ಳುತ್ತಿದ್ದ ಹಾಗೆ.

ನನಗೆ ಆಗ ತಿಳಿಯಿತು. ಆ ಬೋನುಗಳ ಸಾಲು ಎಲ್ಲಿಂದಲೋ ಸರಿದು ಬಂದು ಮೊದಲು ಮಾಪಕಕ್ಕೆ ಸಿಕ್ಕಿಕೊಂಡಿತ್ತು. ಸೆಳವು ನಿಂತು ಹಗ್ಗ ಸಡಿಲವಾದಾಗ ಒಂದು ಬೋನು ಅದರ ನೆತ್ತಿಯ ಮೇಲೇ ಕೂತಿರಬೇಕು. ನಾಲ್ಕು ಕಣ್ಣಿನಲ್ಲಿ ಒಂದು ಮುಚ್ಚಿಹೋಗಿ, ಉಳಿದ ಮೂರಕ್ಕೂ ಅದಕ್ಕೂ ತಾಳೆಯಾಗದೆ, ಕೂಡಿಸಿದಾಗ ಬಂದದ್ದು ಮೇಲಕ್ಕೆ ಹರಿಯುವ ನೀರು. ಇಳಿತ ಶುರುವಾದದ್ದೇ ಬೋನು ಕಳಚಿಕೊಂಡು ಮುಂದೆ ಹೊರಟಿತು, ಮಾಪಕ ಸರಿಹೋಯಿತು. ಮಾಪಕ ಸರಿಹೋದ ಗಳಿಗೆಯೇ ಅಪಾಯ ನನ್ನ ತಮ್ಮನಿದ್ದ ಕಡೆ ಹೊರಟ ಗಳಿಗೆ. ಆಗಲೇ ಅಲ್ಲವೇ ಎಡ್ವಿನ್ ಮತ್ತೆ ಇಳಿಸಲಾ ಎಂದು ಕೇಳಿದ್ದು.

ಎಡ್ವಿನ್‌ಗೂ ಅದು ಹೊಳೆದಿರಬೇಕು. ಅವರು ಕುರ್ಚಿ ಹುಡುಕಿ ಕೂತರು. "ನಾನು ಮತ್ತೆ ಇಳಿಸ್ಲಾ ಅಂದೆ," ಎಂದರು. ಮೂಗು ಒರೆಸಿಕೊಂಡು ಮತ್ತೆ, "ಅಂದ್ನಲ್ಲ ನಾನು."

"ನಾನು ಬೇಡ ಅಂದೆನಲ್ಲ, ಎಡ್ವಿನಣ್ಣ. ಅಲ್ಲಿಗೆ ಮುಗೀತು."

ಚಿತ್ರದ ಕೊನೆಗೆ, ಬೋನುಗಳ ಹಿಂದೆ, ಬೋನು ಎಲ್ಲಿದೆ, ಯಾರದು ಎಂದು ತೋರಿಸಲು ಹಗ್ಗದ ತುದಿಗೆ ಕಟ್ಟುವ ತೇಲುಬುರುಡೆ ಬಂತು. ಅದರ ಹಗ್ಗ ಬೋನುಗಳಿಗೆ ಸುತ್ತಿ ಗಿಡ್ಡವಾಗಿದ್ದರಿಂದ ಅದು ನೀರೊಳಗೇ ಉಳಿದಿತ್ತು. ಇಲ್ಲದಿದ್ದರೆ ಬೆಳಿಗ್ಗೆಯೇ ಬೋಟಿನವರ ಕಣ್ಣಿಗೆ ಬೀಳುತ್ತಿತ್ತು. ಹಳದಿ ಬುರುಡೆ, ಎರಡು ಕಪ್ಪು ಬಳೆ. ಮೂವರೂ ಒಟ್ಟಿಗೆ ಗುರುತಿಸಿದೆವು.

"ವಿಲ್ಫ್ ಮಾವ!" ಎಂದ ಎರ್ಲಂಡ್.

ನಮ್ಮ ತಾಯಿಯ ತಮ್ಮ. ಫೋನು ಮಾಡಿದೆ. ಅವರು ತಮ್ಮ ಸಣ್ಣ ದೋಣಿಯಲ್ಲಿ ದಕ್ಕೆಗೆ ಬಂದು, ಮೊಣಕಾಲುದ್ದದ ಬೂಟಿನಲ್ಲಿ ದಡದಡ ಒಳಗೆ ನುಗ್ಗಿದರು. ಬರುವಾಗಲೇ ಜೋರು.

"ಯಾರು ಹೇಳಿದ್ದು ನನ್ನ ಬೋನು ಅಂತ? ಸಾಧ್ಯಾನೇ ಇಲ್ಲ. ನನ್ನ ಬೋನು ಮೂಲೆಬಂಡೆ ಹತ್ರ ಇದಾವೆ. ಬೋನು ಹಾಕ್ಬಾರ್ದು ಅಂತ ನೀವು ಇಟ್ಟ ಗುರುತಿನಿಂದ ಆಚೆ. ನಲವತ್ತು ವರ್ಷದಿಂದ ಬೋನು ಹಾಕ್ತಿದ್ದೀನಿ, ನನಗೆ ಕಲಿಸ್ಬೇಡಿ."

"ಮಾವ, ಇದನ್ನ ನೋಡಿ."

ನೋಡಿದರು. ಬೂಟುಗಳು ಮರೆಯಾಗುವುದನ್ನು ನೋಡಿದರು, ಹಗ್ಗ ಬರುವುದನ್ನು ನೋಡಿದರು. ಟೋಪಿ ತೆಗೆದರು. ಎರ್ಲಂಡನ ಕಡೆ ತಿರುಗಿ ಅವನ ತಲೆಯ ಮೇಲೆ ಕೈ ಇಟ್ಟರು, ಅದು ಅಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುವವರಂತೆ.

"ಅವು ಹಳೇ ಬೋನು," ಎಂದರು ಕೊನೆಗೆ. "ಹಗುರದ್ದು. ತಳದಲ್ಲಿ ಕಬ್ಬಿಣ ಇಲ್ಲ."

"ಯಾಕೆ ಮಾವ? ನಿಮ್ಮ ಹತ್ರ ಭಾರದ್ದು ಇರ್ಲಿಲ್ವಾ?"

"ಇದಾವೆ. ಆದ್ರೆ ಬೆನ್ನು ನೋವು ಪುಟ್ಟಿ, ಎಳೆಯೋಕಾಗಲ್ಲ. ಮತ್ತೆ ನೀನೇ ಹೇಳಿದ್ಯಲ್ಲ!"

"ನಾನಾ?"

"ಭಾನುವಾರ ಊಟಕ್ಕೆ ಕೂತಾಗ. ಆಲೂಗಡ್ಡೆ ಬಡಿಸ್ತಾ ಕೇಳ್ದೆ, ಈ ವಾರ ಸೆಳವು ಹೇಗೆ ಅಂತ. 'ಸತ್ತ ಹಾಗೆ ಬಿದ್ದಿರುತ್ತೆ ಮಾವ' ಅಂದೆ. ಸತ್ತ ಹಾಗೆ ಬಿದ್ದಿರೋ ನೀರಿಗೆ ಭಾರದ ಬೋನು ಯಾಕೆ ಅಂತ ನಾನು ಹಗುರದ್ದು ಹಾಕ್ದೆ. ನಿನ್ನ ಲೆಕ್ಕದ ಮೇಲೆ ನನಗೆ ನಂಬಿಕೆ."

 ಹೌದು, ಹೇಳಿದ್ದೆ. ನನ್ನ ಲೆಕ್ಕ ಸೆಳವಿನ ನಡುಭಾಗದ್ದು, ಟರ್ಬೈನು ಇರುವ ಜಾಗದ್ದು. ಮೂಲೆಬಂಡೆಯ ಮರೆಯಲ್ಲಿ ಬೇರೆಯೇ ಕಥೆ. ನಡುವೆ ನೀರು ಮಲಗಿರುವಾಗಲೂ ಅಲ್ಲಿ ಅದು ಹಿಂದಕ್ಕೆ ಸುತ್ತುತ್ತಿರುತ್ತದೆ, ಹಗುರದ ಬೋನನ್ನು ಎಬ್ಬಿಸಿ ನಡೆಸುವಷ್ಟು. ಅದು ನನಗೆ ಗೊತ್ತಿತ್ತು. ಎಲ್ಲಿ ಹಾಕುತ್ತೀರಿ ಎಂದು ನಾನು ಕೇಳಲಿಲ್ಲ, ಮಾವ ಹೇಳಲಿಲ್ಲ. ಇಬ್ಬರ ನಡುವೆ ಆಲೂಗಡ್ಡೆ ಪಾತ್ರೆ ಇತ್ತು ಅಷ್ಟೇ.

"ತಪ್ಪು ನಂದೂ ಇದೆ," ಎಂದೆ.

"ಇಲ್ಲ ಪುಟ್ಟಿ, ನಂದು. ಬೆನ್ನುನೋವಿದ್ರೆ ಮನೇಲಿರ್ಬೇಕಿತ್ತು."

"ಇಬ್ರೂ ಸುಮ್ನಿರಿ," ಎಂದರು ಎಡ್ವಿನ್. ಅವರ ಮುಖಕ್ಕೆ ಬಣ್ಣ ಮರಳಿತ್ತು. "ಇಷ್ಟು ವರ್ಷದಲ್ಲಿ ನಮ್ಮ ಥೋರಾ ಲೆಕ್ಕಾನ ಕಣ್ಣುಮುಚ್ಚಿ ನಂಬ್ದೋನು ಇಡೀ ಊರಲ್ಲಿ ಒಬ್ನೇ ಒಬ್ಬ. ಅವನೇ ಹೀಗೆ ಮಾಡಿಟ್ಟ. ಅವಳೇ ಅವಳ ಲೆಕ್ಕ ನಂಬಲ್ಲ, ನೀನ್ಯಾಕಯ್ಯಾ ನಂಬೋಕೆ ಹೋದೆ?"

ಮೊದಲು ನಕ್ಕವನು ಎರ್ಲಂಡ್. ಆಮೇಲೆ ಮಾವ. ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಕಣ್ಣು ಒರೆಸಿಕೊಂಡೆ.

ಆ ದಿನ ಸಂಜೆ ನೀರು ಮತ್ತೆ ನಿಂತಾಗ ಯಾರೂ ಇಳಿಯಲಿಲ್ಲ. ಯಂತ್ರವನ್ನು ಇಳಿಸಿ, ಕ್ಲ್ಯಾಂಪಿಗೆ ಸುತ್ತಿ ಹೊರಕ್ಕೆ ಚಾಚಿದ್ದ ಹಗ್ಗವನ್ನು ಕತ್ತರಿಸಿದೆವು. ಮಾವನೂ ಎಡ್ವಿನ್ನೂ ಸೇರಿ ಬೋನುಗಳನ್ನು ಮೇಲೆಳೆದರು. ಎಳೆಯುವಾಗ ಮಾವ ಬೆನ್ನು ನೋವೆಂದು ನರಳಿದ್ದು, ಎಡ್ವಿನ್ ಅದಕ್ಕೆ ಹೇಳಿದ್ದು, ಎಲ್ಲ ರೇಡಿಯೋದಲ್ಲಿ ಇಡೀ ದ್ವೀಪಕ್ಕೆ ಕೇಳಿತು. ಒಂದು ಬೋನಿನ ಬುಡಕ್ಕೆ ಮಾಪಕದ ಕಪ್ಪು ಬಣ್ಣ ಅಂಟಿತ್ತು. ಅದರೊಳಗೆ ಒಂದು ಲಾಬ್‌ಸ್ಟರ್, ನನ್ನ ಮುಂಗೈಯಷ್ಟು ಉದ್ದದ್ದು.

ಮರುದಿನ ಬೆಳಿಗ್ಗೆ ಎರ್ಲಂಡ್ ಇಳಿಯುವುದಕ್ಕೆ ಮುಂಚೆ ನಾನು ಒಂದು ಹೊಸ ಕೆಲಸ ಮಾಡಿದೆ. ರೇಡಿಯೋದಲ್ಲಿ ಸುತ್ತಲಿನ ಎಲ್ಲ ಬೋನಿನ ದೋಣಿಗಳನ್ನು ಕೂಗಿ, ಯಾರ ಬೋನು ಎಲ್ಲಿವೆ, ಭಾರದ್ದೋ ಹಗುರದ್ದೋ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಹಾಗೆ ಕೇಳುವುದು ನಮ್ಮಲ್ಲಿ ಮರ್ಯಾದೆಯ ವಿಷಯವಲ್ಲ. ತನ್ನ ಬೋನು ಇರುವ ಜಾಗವನ್ನು ಯಾರೂ ಹೆಂಡತಿಗೂ ಹೇಳುವುದಿಲ್ಲ.   ಮೊದಲು ಮಾವನ ದನಿ ಬಂತು: "ವಿಲ್ಫ್ ಇಲ್ಲಿ. ಬೋನೆಲ್ಲ ಮನೆ ಅಂಗಳದಲ್ಲಿ ಇದಾವೆ. ಕೋಳಿ ಕೂತಿದೆ ಮೇಲೆ." ಅದಾದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಒಬ್ಬಾತ ಮಾತ್ರ, "ಹೇಳ್ತೀನಿ ತಾಯಿ, ಆದ್ರೆ ಎಡ್ವಿನ್ ಕಿವಿ ಮುಚ್ಕೊಳ್ಲಿ" ಎಂದ.

"ಮುಚ್ಕೊಂಡಿದ್ದೀನಿ," ಎಂದರು ಎಡ್ವಿನ್.

"ಕೇಳಿಸ್ತಲ್ಲ ನಿಂಗೆ!"

ನೀರು ನಿಂತಿತು. ಬಾತುಗಳು ಬಂದವು. "ಇಳೀಬಹುದು," ಎಂದೆ. ಎರ್ಲಂಡ್ ಇಳಿದ. ಮಾವ ತಮ್ಮ ಸಣ್ಣ ದೋಣಿಯನ್ನು ಗುರುತಿನ ಅಂಚಿನಲ್ಲಿ ನಿಲ್ಲಿಸಿಕೊಂಡು, ಕೈಯನ್ನು ಹಣೆಗೆ ಅಡ್ಡ ಹಿಡಿದು ನೀರನ್ನೇ ನೋಡುತ್ತ ಕೂತಿದ್ದರು. ಯಾರೂ ಹೇಳಿರಲಿಲ್ಲ ಅವರಿಗೆ. ಪರದೆಯಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ನಾನು ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದೆ. ಮೂರನೆಯ ಬೋಲ್ಟು ಆಯಿತು. ನಾಲ್ಕನೆಯದು ಮೊಂಡು ಹಿಡಿಯಿತು, ಎರ್ಲಂಡ್ ಅದರ ತಾಯಿಯನ್ನೆಲ್ಲ ನೆನೆದ, ಆಮೇಲೆ ಅದೂ ಆಯಿತು.

"ಮುಗೀತು," ಎಂದ. "ಅಕ್ಕ, ಮೇಲೆ ಬರ್ಲಾ?"

ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಮೇಲೆ," ಎಂದೆ.

"ಮೇಲೆ," ಎಂದರು ಎಡ್ವಿನ್. "ಮೇಲೆ," ಎಂದ ಎರ್ಲಂಡ್. ಯಾವ ಅಗತ್ಯವೂ ಇಲ್ಲದೆ ಮಾವ ಕೂಡ ತಮ್ಮ ದೋಣಿಯಿಂದ "ಮೇಲೆ" ಎಂದರು.

ಹೆಲ್ಮೆಟ್ ಏಣಿಗೆ ತಗುಲಿದ ಸದ್ದು ಕೇಳಿದ ಮೇಲೆ ನಾನು ರೇಡಿಯೋದ ದನಿಯನ್ನು ತಗ್ಗಿಸಿದೆ. ಆಗ ಹಸಿವು ಬಂತು.  ಪಕ್ಕದಲ್ಲಿ ಮುಚ್ಚಿದ ತಟ್ಟೆಯೊಂದಿತ್ತು; ಬೆಳಿಗ್ಗೆ ಮಾವ ತಂದಿಟ್ಟು ಹೋದದ್ದು, ನಾನು ಮುಚ್ಚಳವನ್ನೂ ತೆಗೆದಿರಲಿಲ್ಲ. ತೆಗೆದರೆ ಬೇಯಿಸಿ ಬಿಡಿಸಿದ ಲಾಬ್‌ಸ್ಟರ್, ಪಕ್ಕಕ್ಕೆ ಬಾರ್ಲಿ ರೊಟ್ಟಿ, ಬೆಣ್ಣೆ. ಇಡುವಾಗ ಮಾವ ಹೇಳಿದ್ದು ಆಗ ಅರ್ಥವಾಯಿತು: "ನಿನ್ನ ಮಾಪಕದ ಮೇಲೆ ಕೂತಿದ್ದೋನು ಇವನೇ. ತಿಂದು ಸೇಡು ತೀರಿಸ್ಕೋ."

ರೊಟ್ಟಿಗೆ ಬೆಣ್ಣೆ ಬಳಿದು ತಿಂದೆ. ಲಾಬ್‌ಸ್ಟರ್ ತಣ್ಣಗಾಗಿತ್ತು, ಸಿಹಿಯಾಗಿತ್ತು. ಎರ್ಲಂಡನಿಗೆ ಅರ್ಧ ಎತ್ತಿಡಬೇಕು ಎಂದುಕೊಂಡೆ. ಕಾಲು ಭಾಗವಾದರೂ ಎತ್ತಿಡಬೇಕು ಎಂದುಕೊಂಡೆ. ಕೊನೆಗೆ ಇಕ್ಕಳದಂಥ ಕಾಲಿನ ಒಂದು ತುದಿ ಉಳಿದಿತ್ತು, ಅದನ್ನೂ ತಿಂದೆ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಎಡ್ವಿನ್, ಅವರ ಹಿಂದೆ ಒದ್ದೆ ತಲೆಯ ಎರ್ಲಂಡ್. ಇಬ್ಬರೂ ಹೊಸ್ತಿಲಲ್ಲೇ ನಿಂತು, ಅಭ್ಯಾಸದಂತೆ, ಮೊದಲು ನನ್ನ ತಟ್ಟೆಯನ್ನು ನೋಡಿದರು.

"ಖಾಲಿ," ಎಂದರು ಎಡ್ವಿನ್. ಒಳಗೆ ಬಂದು ಕುರ್ಚಿ ಎಳೆದು ಕೂತರು.